ಶೆನ್ ಛಿಂಗ್‌ನ ಗೆಳೆಯನನ್ನು ಅಳಿಸಿದವರಿಗೆ

ವಿಜಯಪುರ
ಕ್ರಿ.ಶ. ೨೨೧೬, ಎರಡನೆಯ ಮಳೆಗಾಲದ ಮೊದಲ ಸೋಮವಾರ

ಪ್ರಾಚೀನ ಚೀನೀ ಕಾವ್ಯದ ಕನ್ನಡ ಸಂಪಾದಕ ಮಂಡಳಿಯ ಮಾನ್ಯರೇ,

೨೦೨೯ರಲ್ಲಿ ಶೆನ್ ಛಿಂಗ್ ಎಂಬ ಹಳೆಯ ಕವಿಯ ಸಂಪುಟ ತರುವಾಗ, ಅವನಿಗೆ ಗೆಳೆಯ ಲು ಹಾನ್ ಬರೆದ ಮರುಪದ್ಯಗಳನ್ನೆಲ್ಲ ನೀವು ಕಿತ್ತುಹಾಕಿದಿರಿ. ಕಿತ್ತದ್ದನ್ನು ಎಲ್ಲೂ ಹೇಳಲಿಲ್ಲ. ಬದಲಿಗೆ ಮುನ್ನುಡಿಯಲ್ಲಿ, ಗಡೀಪಾರಾದ ಈ ಕವಿಯ ಮೊರೆಗೆ ಯಾರೂ ಓಗೊಡಲಿಲ್ಲ ಎಂದು ಬರೆದಿರಿ. ನನ್ನ ಕಾಲದ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮನ್ನು ಕ್ಷಮಿಸುವ ಸ್ಥಿತಿಯಲ್ಲಿ ನಾನಿಲ್ಲ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದುಹೋದ ವರ್ಷಗಳ ವಿಳಾಸಕ್ಕೆ ಮಾತು ಮುಟ್ಟಿಸುವ ವ್ಯವಸ್ಥೆ ಅದು. ಆದದ್ದನ್ನು ಅದು ಅಳಿಸಲಾರದು. ಆದರೆ ನೀವು ಅಚ್ಚು ಹಾಕಿಸಿದ್ದು ಉಳಿದು ನಮ್ಮವರೆಗೂ ಬರುತ್ತದೆ. ನಿಮ್ಮ ಸಂಪುಟವೂ ಹಾಗೆಯೇ ಬಂತು. ಮೊದಲು ಶಾಲೆಯ ಪಠ್ಯವಾಯಿತು, ಆಮೇಲೆ ಒಂದು ಪಂಥವೇ ಆಯಿತು. ಅದನ್ನು ಒಂಟಿಪಂಥ ಎನ್ನುತ್ತಾರೆ. ಉತ್ತರ ಬಯಸುವುದು ಕವಿಗೆ ಹೀನ ಎಂಬುದು ಅದರ ಮೊದಲ ಪಾಠ. ಪಂಥಕ್ಕೆ ಸೇರಿದವರು ಊರಾಚೆಯ ಒಂಟಿಗೂಡುಗಳಲ್ಲಿ, ಅಂದರೆ ಒಬ್ಬರಷ್ಟೇ ಹಿಡಿಯುವ ಕಲ್ಲುಕೋಣೆಗಳಲ್ಲಿ, ಮಾತು ಬಿಟ್ಟು ಕೂರುತ್ತಾರೆ. ಪಾಟಿಯ ಮೇಲೆ ಪದ್ಯ ಬರೆದು, ತಾವೇ ಓದಿ, ತಾವೇ ಒರೆಸುತ್ತಾರೆ. ಮನೆಯವರು ಬೆಳಿಗ್ಗೆ ಕಿಂಡಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯೆ ಇಟ್ಟು ಸಂಜೆ ತಟ್ಟೆ ತರುತ್ತಾರೆ. ಅಂಥದೊಂದು ಗೂಡಿನಲ್ಲಿ ನನ್ನ ಮಗಳು ನೀಲಾಂಬಿಕಾ ಇದ್ದಾಳೆ. ಮೂರು ವರ್ಷವಾಯಿತು.

ಹೋದ ತಿಂಗಳು ಚೆಂಗ್ಡುವಿನಿಂದ ಫಾನ್ ಯೂಲಿನ್ ಎಂಬ ವಿದ್ವಾಂಸೆ ನಮ್ಮ ಗ್ರಂಥಾಲಯಕ್ಕೆ ಬಂದಿದ್ದರು. ನಿಮ್ಮ ಸಂಪುಟ ತಿರುವಿ ಹಾಕಿ, ಇದರ ಉಳಿದರ್ಧ ಎಲ್ಲಿ ಎಂದು ಸಹಜವಾಗಿಯೇ ಕೇಳಿದರು. ಯಾವ ಉಳಿದರ್ಧ ಎಂದೆ. ಆ ಕಾಲದ ಚೀನೀ ಕವಿಗಳು ಗೆಳೆಯನಿಂದ ಪದ್ಯ ಬಂದರೆ ಅದೇ ಪ್ರಾಸಪದಗಳನ್ನು ಅದೇ ಕ್ರಮದಲ್ಲಿ ಇಟ್ಟು ಮರುಪದ್ಯ ಕಳಿಸುತ್ತಿದ್ದರಂತೆ. ಶೆನ್ ಛಿಂಗ್‌ನ ಮೂಲ ಪ್ರತಿಯಲ್ಲಿ ಪ್ರತಿ ಪದ್ಯದ ಕೆಳಗೂ ಸಣ್ಣ ಅಕ್ಷರದಲ್ಲಿ ಲು ಹಾನ್‌ನ ಮರುಪದ್ಯವಿದೆ. ಸಣ್ಣ ಅಕ್ಷರ ಕಂಡು ನೀವು ಅಡಿಟಿಪ್ಪಣಿ ಎಂದುಕೊಂಡಿರೋ, ಇಲ್ಲ ಮಹಾಕವಿಯ ಪಕ್ಕದಲ್ಲಿ ಗೆಳೆಯನೇಕೆ ಎಂದುಕೊಂಡಿರೋ! 'ಬಾಗಿಲವರೆಗೂ ಹಿಮ, ಬರುವವರಿಲ್ಲ' ಎಂಬ ಸಾಲನ್ನು ನಮ್ಮ ಮಕ್ಕಳು ಮಂತ್ರದಂತೆ ಜಪಿಸುತ್ತಾರೆ. ಅದರ ಕೆಳಗೆ ಲು ಹಾನ್ ಬರೆದದ್ದು: 'ಹಿಮವಿದ್ದರೇನು, ಕುದುರೆಗೆ ಲಾಳ ಹೊಡೆಸಿದ್ದೇನೆ.'

ದೂರದವರು ತಪ್ಪಿದ್ದರೆ ಸುಮ್ಮನಿರುತ್ತಿದ್ದೆ. ನೀವು ಗೀಗೀ ಪದದ ನಾಡಿನವರು. ಹರದೇಶಿಯವರು ಸವಾಲು ಹಾಕಿದರೆ ಎದುರು ಮೇಳದ ನಾಗೇಶಿಯವರು ಎದ್ದು ಜವಾಬು ಕೊಡದೆ ಹಾಡು ಮುಗಿಯದು ಎಂದು ಬಲ್ಲವರು. ಸುದ್ದಿ ಕೇಳಿದ ಪಕ್ಕದ ಮನೆಯ ತಂಗೆವ್ವ ಅಂದಳು: "ನಾಗೇಶಿ ಬಾಯಾಗ ಅರಿಬಿ ತುರುಕಿ, ಹರದೇಶಿ ಒಬ್ಬಾವ ಅದಾನ ಅಂತ ಅತ್ತಾರಲ್ಲೇ! ಎಂಥಾ ಶಾಣ್ಯಾ ಮಂದಿ!"

ನಾನು ಗೂಡಿಗೆ ಓಡಿ, ಕಿಂಡಿಗೆ ಬಾಯಿಟ್ಟು ಲು ಹಾನ್‌ನ ಸಾಲು ಕೂಗಿದೆ. ಒಳಗಿನಿಂದ ಮಗಳ ದನಿ ಬಂತು. ಗುರುತು ಹತ್ತದಷ್ಟು ಒಣಗಿತ್ತು. "ಯವ್ವಾ, ನನ್ನ ಹೊರಗ ಕರಿಯಾಕ ಕಥಿ ಕಟ್ಟಬ್ಯಾಡ. ಪುಸ್ತಕ ಮಾಡಿದವರ, ಕವಿಗೆ ಯಾರೂ ಉತ್ತರ ಕೊಡಲಿಲ್ಲ ಅಂದಾರ. ಅವರ ಬಾಯಿಲೆ ಬ್ಯಾರೆ ಹೇಳಸು, ಅವತ್ತ ಬಾಗಲಾ ತಗೀತೀನಿ." ಫಾನ್ ಯೂಲಿನ್ ತಂದ ಪ್ರತಿಯ ನಕಲನ್ನು ಕಿಂಡಿಯಲ್ಲಿಟ್ಟೆ. ಚೀನೀ ಓದಲು ಬಾರದ ಅವಳು ಅದನ್ನು ಮುಟ್ಟಲಿಲ್ಲ. ಅವಳು ನಂಬಿರುವುದು ನಿಮ್ಮನ್ನು.

ಆದ್ದರಿಂದ ನನಗೆ ನಿಮ್ಮ ಖಾಸಗಿ ವಿಷಾದ ಬೇಡ. ಮುಂದಿನ ಮುದ್ರಣದಲ್ಲಿ ಸರಿಪಡಿಸುತ್ತೇವೆ ಎಂಬ ಭರವಸೆಯೂ ಬೇಡ. ನಾಡಿನ ಪತ್ರಿಕೆಗಳಲ್ಲಿ, ಮಂಡಳಿಯ ಪ್ರತಿಯೊಬ್ಬರ ಹೆಸರು ಹಾಕಿ, ಎಲ್ಲರಿಗೂ ಕಾಣುವಂತೆ ಉತ್ತರಿಸಿ: ಲು ಹಾನ್ ಆ ಕವಿಗೆ ಮರುಪದ್ಯ ಬರೆದಿದ್ದನೇ, ಇಲ್ಲವೇ?

ಗೌರವ್ವ ಇಟ್ಟಂಗಿಹಾಳ