ನನ್ನ ಕಡೆಯ ಬ್ರೇಕು

ಫೆಬ್ರವರಿ 3, ಸೋಮವಾರ

ಐದನೆಯದೂ ಹೊರಗೆ ಬಂತು! ಬೆಳಗಿನ ಡ್ರೈವಿಂಗ್ ಕ್ಲಾಸ್ ಮುಗಿಸಿ ಬಂದು ಗೂಡಿನ ಪೆಟ್ಟಿಗೆಯ ಮುಚ್ಚಳ ಎತ್ತಿದರೆ, ಅಣ್ಣಂದಿರ ಕಾಲಡಿಯಲ್ಲಿ ಹಳದಿ ನೂಲಿನ ಸಣ್ಣ ಉಂಡೆ. ಮುಚ್ಚಿದ ಕಣ್ಣು, ಎತ್ತಲಾಗದಷ್ಟು ದೊಡ್ಡ ತಲೆ. ಕಾಕಟೀಲ್ ಎಂಬ ಈ ಜುಟ್ಟಿನ ಗಿಳಿಗಳ ಸಂಸಾರವೇ ಹೀಗೆ — ಒಂದು ದಿನ ಬಿಟ್ಟು ಒಂದು ದಿನ ಮೊಟ್ಟೆ, ಮರಿಗಳೂ ಮೆಟ್ಟಿಲು ಮೆಟ್ಟಿಲಾಗಿ. ದೊಡ್ಡದು ಆಗಲೇ ಬುಸುಗುಟ್ಟಲು ಕಲಿತಿದೆ. ಈ ಕೊನೆಯ ಪುಟ್ಟದಕ್ಕೆ ‘ಚಿಲ್ಲರೆ’ ಅಂತ ಹೆಸರಿಟ್ಟೆ.

ಅಪ್ಪ ಹಕ್ಕಿ, ದೊರೆ, ಎಂದಿನಂತೆ ಹೆಬ್ಬೆರಳು ಕಚ್ಚಿದ. ಎರಡು ವರ್ಷದಿಂದ ಕಾಳು ನನ್ನದು, ನೀರು ನನ್ನದು, ಪಂಜರ ಉಜ್ಜುವುದೂ ನಾನೇ. ಕಚ್ಚಿಸಿಕೊಳ್ಳುವುದೂ ನಾನೇ. ಬ್ಯಾಂಡೇಜ್ ಡಬ್ಬಿ ಪಂಜರದ ಪಕ್ಕದಲ್ಲೇ ಇಟ್ಟುಬಿಟ್ಟಿದ್ದೇನೆ.

ಆದರೂ ಮೆಚ್ಚಬೇಕು. ಕಾವು ಕೂರುವಾಗ ಹಗಲು ಪಾಳಿ ಅವನದು, ರಾತ್ರಿ ಪಾಳಿ ಹೆಂಡತಿ ರಾಣಿಯದು. ಅತ್ತೆ ನೋಡಿ ನೋಡಿ ಹೇಳಿದರು, “ಅದು ಗಂಡಸು ಅಂದ್ರೆ. ನನ್ನ ಮಗನೂ ಇದಾನೆ, ಹಗಲೆಲ್ಲಾ ಗೊರಕೆ ಹೊಡ್ಕೊಂಡು.” ಇವರು ಪತ್ರಿಕೆಯ ಪ್ರೆಸ್ಸಿನಲ್ಲಿ ನೈಟ್ ಶಿಫ್ಟ್ ಎಂಬುದು ಅತ್ತೆಗೆ ಗೊತ್ತು. ಆದರೂ ಬಿಡುವುದಿಲ್ಲ. ರೂಮಿನಿಂದ ಇವರ ದನಿ ಬಂತು, “ಕೇಳಿಸ್ತು ಅಮ್ಮಾ.”

ಫೆಬ್ರವರಿ 9, ಭಾನುವಾರ

ಹಕ್ಕಿ ಅಂಗಡಿಗೆ ನವಣೆ ತರಲು ಹೋದವಳು ಬೇರೆ ಏನೇನೋ ಹೊತ್ತುಕೊಂಡು ಬಂದೆ. ಮರಿ ಹಕ್ಕಿಗಳ ಪೌಡರ್. ಥರ್ಮಾಮೀಟರ್. ಬಾಗಿದ ಚಮಚ.

ಅಂಗಡಿಯವರು ತಲೆಗೆ ಹುಳ ಬಿಟ್ಟರು. “ಎರಡು ವಾರ, ಮೂರು ವಾರಕ್ಕೆ ಮರಿ ಎತ್ತಿಬಿಡಿ ಮೇಡಂ. ಅಪ್ಪ ಅಮ್ಮನ ಹತ್ರ ಬಿಟ್ರೆ ಅವುಗಳ ಥರಾನೇ ಆಗ್ತವೆ. ನೀವೇ ಕೈಯಾರೆ ತಿನ್ನಿಸಿ, ಆಮೇಲೆ ನೋಡಿ. ಹೋದಲ್ಲೆಲ್ಲಾ ಹಿಂದೆ ಬರ್ತವೆ.”

ಹೋದಲ್ಲೆಲ್ಲಾ ಹಿಂದೆ! ಅದನ್ನು ಕೇಳಿ ಬಾಯಲ್ಲಿ ನೀರೂರಿತು, ಸುಳ್ಳೇಕೆ ಹೇಳಲಿ. ನನ್ನ ದನಿ ಕೇಳಿ ಓಡಿಬರುವ ಒಂದು ಜೀವ ಬೇಕು ನನಗೆ. ಒಂದೇ ಒಂದು ಸಾಕು. ಇಲ್ಲಿ ಐದಿವೆ.

ತೀರ್ಮಾನ: ಮುಂದಿನ ಭಾನುವಾರ ದೊಡ್ಡ ನಾಲ್ಕನ್ನೂ ಎತ್ತುವುದು. ಚಿಲ್ಲರೆಯದು ಆಮೇಲೆ. ದಿನಕ್ಕೆ ನಾಲ್ಕೈದು ಸಲ ತಿನ್ನಿಸಬೇಕು, ಕ್ಲಾಸ್‌ಗಳನ್ನು ಅತ್ತ ಇತ್ತ ಮಾಡಬೇಕು. ಮಾಡಿದರಾಯಿತು.

ಫೆಬ್ರವರಿ 12, ಬುಧವಾರ

ಡಾಕ್ಟರ್ ಇವತ್ತು ಸಿಡಿದರು. ಹಲ್ಲಿನ ಡಾಕ್ಟರ್, ನನ್ನ ಅತ್ಯಂತ ಹಳೆಯ ಸ್ಟೂಡೆಂಟ್ — ಕಲಿಯಲು ಬಂದು ಎಷ್ಟು ಕಾಲವಾಯಿತೋ. ಬಾಯೊಳಗೆ ಡ್ರಿಲ್ ಇಡುವಾಗ ನಡುಗದ ಕೈ ಸ್ಟೀರಿಂಗ್ ಹಿಡಿದರೆ ನಡುಗುತ್ತದೆ. ಸರ್ಕಲ್‌ನಲ್ಲಿ ಒಂದು ಹಾಲಿನ ವ್ಯಾನ್ ಬಂತು. ನನ್ನ ಕಾಲು ತನ್ನಷ್ಟಕ್ಕೆ ನನ್ನ ಕಡೆಯ, ಕಲಿಸುವವರಿಗೆಂದೇ ಇರುವ ಬ್ರೇಕ್ ಒತ್ತಿತು. ಕಾರು ಗಕ್ಕನೆ ನಿಂತಿತು. ಹಿಂದಿನಿಂದ ಹಾರ್ನೋ ಹಾರ್ನು.

“ಮೇಡಂ, ಕಾರು ಓಡಿಸ್ತಿರೋದು ನಾನಾ ನೀವಾ? ನಾನೂ ನೋಡಿದ್ದೆ ಆ ವ್ಯಾನು. ಒತ್ತೋಕೆ ಕಾಲು ಇಟ್ಟಿದ್ದೆ. ನೀವು ಬಿಟ್ರೆ ತಾನೆ!”

“ಗುದ್ದಿದ್ರೆ?”

“ಗುದ್ದಿಲ್ವಲ್ಲ.”

ಡ್ರೈವಿಂಗ್ ಸ್ಕೂಲಿನ ಓನರ್ ಕೂಡ ಇದನ್ನೇ ಅನ್ನುತ್ತಾರೆ, ಎಲ್ಲಾ ಕಾರುಗಳಿಗಿಂತ ನನ್ನ ಕಾರಿನ ಬ್ರೇಕೇ ಮೊದಲು ಸವೆಯುವುದಂತೆ. ಮನೆಯಲ್ಲಿ ಸೋಫಾ ಮೇಲೆ ಕೂತು ಟಿವಿ ನೋಡುವಾಗಲೂ ಒತ್ತುತ್ತೇನೆ ಎಂದು ಇವರ ದೂರು.

ಮರಿ ಎತ್ತುವ ಸುದ್ದಿ ಅತ್ತೆಗೆ ಹೇಳಿದೆ. ಮುಖ ಗಂಟು ಹಾಕಿದರು. “ಅಪ್ಪ ಅಮ್ಮ ಕಲ್ಲುಗುಂಡಿನ ಹಾಗಿದಾರೆ. ಹೊಟ್ಟೆ ತುಂಬಾ ಗುಟುಕು ಕೊಡ್ತಿದಾರೆ. ನಡುವೆ ನಿಂದೇನೇ?”

“ಪಳಗ್ತವೆ ಅತ್ತೆ.”

“ಪಳಗಲಿ. ಕಿತ್ಕೊಂಡೇ ಪಳಗಿಸಬೇಕಾ?”

ಕಿತ್ತುಕೊಳ್ಳುವುದಂತೆ! ಮೈ ಉರಿಯಿತು. ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ.

ಫೆಬ್ರವರಿ 14, ಶುಕ್ರವಾರ

ಚಿಲ್ಲರೆ ಬೆಳೆಯುತ್ತಿಲ್ಲ.

ಮರಿಗಳಿಗೆ ಕತ್ತಿನ ಕೆಳಗೆ ಒಂದು ಚೀಲ, ತಿಂದದ್ದು ಮೊದಲು ಅಲ್ಲಿ ತುಂಬುತ್ತದೆ. ನಾಲ್ಕರದ್ದೂ ಗೋಲಿಯಂತೆ ಉಬ್ಬಿದೆ. ಇದರದ್ದು ಖಾಲಿ, ಚರ್ಮ ಸುಕ್ಕು. ಬೆಳಿಗ್ಗೆಯೂ ಹಾಗೇ ಇತ್ತು, ಸಂಜೆಯೂ. ಎತ್ತಿದರೆ ಗರಿಯಷ್ಟೂ ಭಾರವಿಲ್ಲ. ದನಿಯೂ ಸಣ್ಣಗಾಗಿದೆ.

ಹಕ್ಕಿ ಡಾಕ್ಟರಿಗೆ ಫೋನ್ ಮಾಡಿದೆ. “ನಾಳೆ ಬೆಳಿಗ್ಗೆಯೂ ಖಾಲಿ ಇದ್ರೆ ನೀವೇ ಕೊಡಿ. ಬಿಸಿ ಜಾಸ್ತಿ ಆದ್ರೆ ಒಳಗೆ ಸುಡುತ್ತೆ, ತಣ್ಣಗಾದ್ರೆ ಅರಗಲ್ಲ. ಆತುರ ಮಾಡಿದ್ರೆ ಉಸಿರಿಗೆ ಸೇರುತ್ತೆ. ಹುಷಾರು.”

ಪೆಚ್ಚುಮೋರೆ ಹಾಕಿಕೊಂಡೇ ಕ್ಲಾಸಿಗೆ ಹೋಗಿದ್ದೆ. ಡಾಕ್ಟರ್, ನಮ್ಮ ಹಲ್ಲಿನವರು, ಕ್ಲಿನಿಕ್ ಮುಂದೆ ಕಾರು ನಿಲ್ಲಿಸಿ ಒಳಗೆ ಓಡಿ ಒಂದು ಹೊಸ ಸಿರಿಂಜ್ ತಂದುಕೊಟ್ಟರು. ವಸಡು ತೊಳೆಯುವುದಂತೆ, ತುದಿ ಮೊಂಡು. “ಮೆತ್ತಗೆ ಒತ್ತಿ ಮೇಡಂ. ನಿಮ್ಮ ಬ್ರೇಕ್ ಥರ ಅಲ್ಲ.”

ನಗು ಬಂತು, ಅಳುವೂ ಬಂತು.

ಫೆಬ್ರವರಿ 15, ಶನಿವಾರ

ಇವತ್ತಿನದನ್ನು ಬರೆಯಲೇಬೇಕು.

ಬೆಳಿಗ್ಗೆಯೂ ಚೀಲ ಖಾಲಿ. ಕ್ಲಾಸ್ ಎಲ್ಲಾ ಕ್ಯಾನ್ಸಲ್. ಪೌಡರ್ ಕಲಸಿ, ಥರ್ಮಾಮೀಟರ್ ಅದ್ದಿ, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿದೆ. ಚಿಲ್ಲರೆಯನ್ನು ಬೆಚ್ಚನೆಯ ಬಟ್ಟೆಯೊಂದಿಗೆ ಅಂಗೈ ಮೇಲಿಟ್ಟುಕೊಂಡೆ. ಮೊದಲ ಹನಿ ನುಂಗಿತು. ಎರಡನೆಯದನ್ನೂ. ಆಹಾ, ಎಷ್ಟು ಸುಲಭ ಅಂದುಕೊಂಡೆ. ಒತ್ತಿದೆ.

ಜಾಸ್ತಿ ಒತ್ತಿದೆ.

ತಲೆ ಕೊಡವಿತು, ಕೆಮ್ಮಿತು. ಮೂಗಿನಲ್ಲಿ ಗಂಜಿಯ ಗುಳ್ಳೆ. “ಅತ್ತೇ! ಸತ್ತೇ ಹೋಗುತ್ತೆ, ಬನ್ನೀ!”

ಅತ್ತೆ ಬಂದರು. ಇವರೂ ನಿದ್ದೆಯಿಂದೆದ್ದು ಒಂದೇ ಚಪ್ಪಲಿಯಲ್ಲಿ ಓಡಿಬಂದರು. ಅತ್ತೆ ಸೆರಗಿನ ತುದಿಯಿಂದ ಅದರ ಮೂಗು ಒರೆಸಿದರು. “ಅರಚಬೇಡ. ಉಸಿರಾಡ್ತಿದೆ ನೋಡು.”

ಉಸಿರಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಯಿ ತೆರೆದು ಕರ್ರ್ ಕರ್ರ್ ಎಂದು ಕೇಳತೊಡಗಿತು, ಹಸಿವು ಹಸಿವು ಎಂದು. ಸಿರಿಂಜ್ ಮತ್ತೆ ಮುಟ್ಟಲು ನನಗೆ ಧೈರ್ಯವೇ ಇಲ್ಲ. ಅತ್ತ ಪಂಜರದೊಳಗೆ ದೊರೆ ಜುಟ್ಟು ನಿಮಿರಿಸಿ ಕಂಬಿಗೆ ಡಿಕ್ಕಿ ಹೊಡೆಯುತ್ತಿದ್ದಾನೆ, ಕಿವಿ ಹರಿಯುವಂತೆ ಕೂಗುತ್ತಿದ್ದಾನೆ.

“ಬಾಗಿಲು ತೆಗಿ. ಅವನ ಹತ್ರ ಹಿಡಿ,” ಅಂದರು ಅತ್ತೆ.

“ಕಚ್ತಾನೆ ಅತ್ತೆ.”

“ನಿನ್ನ ತಾನೆ ಕಚ್ಚೋದು? ಕಚ್ಚಲಿ ಬಿಡು.”

ಅಂಗೈ ಒಳಗಿಟ್ಟೆ. ಕಣ್ಣು ಮುಚ್ಚಿದೆ. ದೊರೆ ಸರಸರ ಇಳಿದು ಬಂದ. ಕಚ್ಚಲು ಆರಿಸಿಕೊಳ್ಳುತ್ತಿದ್ದ ಅದೇ ಹೆಬ್ಬೆರಳಿನ ಮೇಲೆ, ಬ್ಯಾಂಡೇಜಿನ ಮೇಲೆಯೇ, ಹತ್ತಿ ನಿಂತ. ಉಗುರು ಚುಚ್ಚಿತು. ಕಚ್ಚಲಿಲ್ಲ. ಕಣ್ಣು ಬಿಟ್ಟರೆ — ತಲೆಯನ್ನು ಮೇಲೆ ಕೆಳಗೆ ಆಡಿಸಿ, ಗಂಟಲಿನಿಂದ ಕಾಳು ತಂದು, ಕೊಕ್ಕಿನೊಳಗೆ ಕೊಕ್ಕಿಟ್ಟು ಗುಟುಕು ಕೊಡುತ್ತಿದ್ದಾನೆ! ನನ್ನ ಅಂಗೈಯಲ್ಲಿ! ಚಿಲ್ಲರೆಯ ಚೀಲ ನೋಡನೋಡುತ್ತಿದ್ದಂತೆ ತುಂಬಿತು.

ಆಗ ಹೊಳೆಯಿತು. ಗೂಡಿನೊಳಗೆ ನಾಲ್ಕು ದಾಂಡಿಗರು ಕತ್ತು ಚಾಚಿದರೆ ಇದರ ಬಾಯಿ ಅಪ್ಪನಿಗೆ ಕಾಣುವುದೆಲ್ಲಿ? ಕೊಡುವವನಿಗೆ ಕೊಡಲು ಬರುತ್ತದೆ. ಇದಕ್ಕೆ ಬೇಕಾದದ್ದು ನೂಕುನುಗ್ಗಲಿಲ್ಲದ ಒಂದಿಷ್ಟು ಜಾಗ.

ಇವರು ಒಂದೇ ಚಪ್ಪಲಿಯಲ್ಲಿ ನಿಂತು ಕಣ್ಣೊರೆಸಿಕೊಂಡರು. ನಿದ್ದೆ ಅಂತೆ.

ಫೆಬ್ರವರಿ 16, ಭಾನುವಾರ

ಇವತ್ತು ನಾಲ್ಕನ್ನು ಎತ್ತಬೇಕಾಗಿದ್ದ ದಿನ. ಎತ್ತಲಿಲ್ಲ.

ಚಿಲ್ಲರೆಯನ್ನು ಮಾತ್ರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೊರಗೆ ತೆಗೆದು ಅಂಗೈ ಒಡ್ಡಿದೆ. ಪ್ರತಿ ಸಲ ದೊರೆ ಬಂದ, ತಿನ್ನಿಸಿದ, ವಾಪಸು ಹೋಗುವಾಗ ನನ್ನತ್ತ ಒಂದು ಬುಸ್. ಮಗು ಇದ್ದಾಗಷ್ಟೇ ಕದನ ವಿರಾಮ. ಮಗು ಇಲ್ಲದೆ ನೀರಿನ ಬಟ್ಟಲು ತೆಗೆಯಹೋದೆ, ಕಚ್ಚಿದ.

ಪೌಡರ್ ಡಬ್ಬಿ ಕಪಾಟಿನಲ್ಲಿದೆ. ಎಸೆಯುವುದಿಲ್ಲ, ನಿಜವಾಗಿ ಬೇಕಾದರೆ ಇರಲಿ. ನನಗೆ ಸ್ವಲ್ಪ ಬೇಜಾರೂ ಆಗಿದೆ. ಹೋದಲ್ಲೆಲ್ಲಾ ಹಿಂದೆ ಬರುವುದು ಇನ್ನು ಸುಳ್ಳು. ಇರಲಿ.

ಮಾರ್ಚ್ 8, ಶನಿವಾರ

ಎಷ್ಟು ದಿನವಾಯಿತು ಬರೆದು! ದಿನಕ್ಕೆ ಮೂರು ಸಲ ಅಂಗೈ ಒಡ್ಡಿ ಚಿಲ್ಲರೆಯ ಊಟದ ತಟ್ಟೆಯಾಗಿ ಕೂತವಳಿಗೆ ಪೆನ್ನು ಹಿಡಿಯಲು ಪುರುಸೊತ್ತೆಲ್ಲಿ.

ಡಾಕ್ಟರ್ ಪಾಸ್!! ಟೆಸ್ಟ್‌ನಲ್ಲಿ ನಾನು ಕಾರಿನೊಳಗೆ ಕೂರುವಂತಿಲ್ಲ. ಬೇಲಿಯಾಚೆ ನಿಂತು ನೆಲವನ್ನೇ ಒತ್ತಿದೆ, ಚಪ್ಪಲಿ ಹರಿದುಹೋಯಿತು. ಇಳಿದು ಬಂದು ನನ್ನನ್ನು ತಬ್ಬಿಕೊಂಡರು. “ನೀವು ಪಕ್ಕದಲ್ಲಿ ಇರ್ಲಿಲ್ಲ, ಅದಕ್ಕೇ ಪಾಸಾದೆ ಮೇಡಂ.” ಹೊಗಳಿಕೆಯೋ ಬೈಗುಳವೋ. ಹೊಗಳಿಕೆ ಅಂತಲೇ ಬರೆದುಕೊಳ್ಳುತ್ತೇನೆ.

ದೊಡ್ಡವು ಗೂಡು ಬಿಟ್ಟು ಮನೆಯೆಲ್ಲಾ ಹಾರಾಟ. ಒಂದು ಇವರ ಬೋಳುತಲೆಯನ್ನು ಏರ್‌ಪೋರ್ಟ್ ಮಾಡಿಕೊಂಡಿದೆ.

ಮಾರ್ಚ್ 12, ಬುಧವಾರ

ಚಿಲ್ಲರೆ ಹಾರಿತು. ಪಂಜರದ ಬಾಗಿಲಲ್ಲಿ ನಿಂತು ಬಹಳ ಹೊತ್ತು ಲೆಕ್ಕ ಹಾಕಿತು. ನಾನು ಕೈ ಚಾಚಿ ಕರೆದೆ. ಪರದೆಯ ಕೋಲಿನ ಮೇಲಿನಿಂದ ದೊರೆಯೂ ಕರೆದ. ನನ್ನ ತಲೆ ಮೇಲಿಂದ ಹಾರಿ ನೇರ ಅಪ್ಪನ ಹತ್ತಿರ ಹೋಯಿತು.

ಹೊಟ್ಟೆಕಿಚ್ಚಾಯಿತು. ಖುಷಿಯೂ ಆಯಿತು. ಖುಷಿಯೇ ಜಾಸ್ತಿ.

ಮಾರ್ಚ್ 30, ಭಾನುವಾರ, ಮಧ್ಯಾಹ್ನ

ಬೆಳಗಿನಿಂದ ಒಂದರ ಹಿಂದೆ ಒಂದು ಕ್ಲಾಸು. ಈಗಷ್ಟೇ ಬಂದೆ. ಅತ್ತೆ ಊಟಕ್ಕೆ ಎರಡು ಸಲ ಕರೆದರು, ಬಂದೆ ಬಂದೆ ಎಂದು ಇಲ್ಲೇ ಪಂಜರದ ಮುಂದೆ ಕೂತಿದ್ದೇನೆ.

ಮರಿಗಳೆಲ್ಲಾ ತಾವೇ ಕಾಳು ಒಡೆದು ತಿನ್ನುತ್ತಿವೆ. ಚಿಲ್ಲರೆ ಕೂಡ. ಎಲ್ಲರಿಗಿಂತ ಗುಂಡಗಾಗಿದೆ, ದಾಂಡಿಗರನ್ನು ಬಟ್ಟಲಿನಿಂದ ಓಡಿಸುತ್ತದೆ. ದೊರೆ ಕೆಲಸವಿಲ್ಲದೆ ಅತ್ತಿಂದಿತ್ತ ನಡೆಯುತ್ತಿದ್ದಾನೆ. ಅವನ ಕಷ್ಟ ನನಗೆ ಅರ್ಥವಾಗುತ್ತದೆ.

ನೋಡಿದರೆ ನನ್ನ ಎಡಗೈ ಪಂಜರದೊಳಗಿದೆ. ಅಂಗೈ ಒಡ್ಡಿಕೊಂಡು, ಈ ಹೊತ್ತಿನ ಅಭ್ಯಾಸ. ಅಂಗೈ ಖಾಲಿ, ಮರಿ ಇಲ್ಲ. ತೆಗೆಯಬೇಕು ಎನ್ನುವಷ್ಟರಲ್ಲಿ... ದೊರೆ ಇಳಿದು ಬಂದ. ಹೆಬ್ಬೆರಳಿನ ಮೇಲೆ ಹತ್ತಿದ. ಮಗು ಇಲ್ಲ ಕಣೋ, ನೋಡು. ಈಗ ಕಚ್ಚುತ್ತಾನೆ, ಗ್ಯಾರಂಟಿ.

ಇಲ್ಲ. ಕಚ್ಚುತ್ತಿಲ್ಲ. ತಲೆ ಮೇಲೆ ಕೆಳಗೆ ಆಡಿಸುತ್ತಿದ್ದಾನೆ. ಗಂಟಲಿನಿಂದ ಏನೋ ತಂದು ಉಗುರಿನ ಹತ್ತಿರ... ಅಯ್ಯೋ ನನ್ನಪ್ಪಾ, ನಾನು ಊಟ ಮಾಡಿಲ್ಲ ಅಂತ ಇವನಿಗೆ ಯಾರು —