ಸೀಲ್‌ಗಳಿಗೆ ಹಿಮ ಒಟ್ಟುವವಳಿಗೆ

ಅಬು ಹಲೀಫಾ, ಕುವೈತ್
ಮಾರ್ಚ್ ೩, ೨೦೨೫

ಪ್ರೀತಿಯ ಅಕ್ಷಯಾ ಮಗಾ,

ಇಲ್ಲಿ ಧೂಳುಗಾಳಿ, ನನ್ನ ನೆಗಡಿ, ಅಪ್ಪನ ಗೊಣಗಾಟ ಎಲ್ಲವೂ ಸೌಖ್ಯ. ವಾಟ್ಸಾಪ್ ಇರುವಾಗ ಅಮ್ಮ ಯಾಕೆ ಕಾಗದದಲ್ಲಿ ಬರೆದು ಫೋಟೊ ಹೊಡೆದು ಕಳಿಸಿದಳು ಎಂದು ನಗಬೇಡ. ಫೋನಿನಲ್ಲಿ ನನಗೆ ಮಾತಿಗಿಂತ ಮೊದಲು ಅಳು ಬರುತ್ತದೆ. ನಿನಗೆ ಕನ್ನಡ ಓದುವುದು ನಿಧಾನ, ಗೊತ್ತು. ನಿಧಾನವಾಗಿಯೇ ಓದು. ರಮ್ಜಾನ್ ಆದ್ದರಿಂದ ಅಪ್ಪ ಎರಡು ಗಂಟೆಗೇ ಆಫೀಸಿನಿಂದ ಬರುತ್ತಾರೆ, ಅಷ್ಟರೊಳಗೆ ನಾನು ಮುಗಿಸಬೇಕು.

ಈ ಇಪ್ಪತ್ತಕ್ಕೆ ನೀನು ಕುವೈತ್ ಬಿಟ್ಟು ಆರು ತಿಂಗಳು. ಅಷ್ಟರಲ್ಲಿ ಬಂದು ಇಳಿಯದಿದ್ದರೆ ನಿನ್ನ ಇಕಾಮಾ, ಇಲ್ಲಿ ವಾಸಿಸುವ ಪರವಾನಗಿ, ಖಲಾಸ್. ಹುಟ್ಟಿ ಬೆಳೆದ ಊರಿಗೇ ವಿಸಿಟ್ ವೀಸಾ ಕೇಳಬೇಕು. ಬಂದೆಯೋ, ನಿನ್ನ ಫಿನ್ಲೆಂಡಿನ ಪರ್ಮಿಟ್ ಮುಗಿದು ನವೀಕರಣಕ್ಕೆ ಹೋಗಿರುವಾಗ ಮತ್ತೆ ಅಲ್ಲಿ ಒಳಗೆ ಬಿಡುವುದಿಲ್ಲ, ಕೆಲಸವೂ ಹೋಯಿತು. ಮೊನ್ನೆ ಫೋನಿನಲ್ಲಿ ನಾನೂ ಬಾ ಬಾ ಎಂದೆ. ಪಕ್ಕದಲ್ಲಿ ಅಪ್ಪ ಕೂತಿದ್ದರು.

ಅಲ್ಲಿನ ಲಿನ್ನಾನ್ಸಾರಿ ರಾಷ್ಟ್ರೀಯ ಉದ್ಯಾನದಿಂದ ನೀನು ಕಳಿಸಿದ ಉದ್ದದ ಮೆಸೇಜನ್ನು ಎಷ್ಟು ಸಲ ಓದಿದೆನೋ. ಇಡೀ ಲೋಕದಲ್ಲಿ ಐನೂರರಷ್ಟೇ ಉಳಿದಿರುವ ಆ ಸೀಲ್ ಪ್ರಾಣಿಗಳು ಹೆಪ್ಪುಗಟ್ಟಿದ ಸೈಮಾ ಸರೋವರದ ದಡದಲ್ಲಿ, ಹಿಮದೊಳಗೆ ಗೂಡು ಕೊರೆದು ಮರಿ ಹಾಕುವುದು. ಹಿಮ ಸಾಲದ ವರ್ಷ ಮರಿಗಳನ್ನು ನರಿ ಹೊತ್ತೊಯ್ಯುವುದು. ಅದಕ್ಕೇ ನೀವೆಲ್ಲ ಸಲಿಕೆ ಹಿಡಿದು ಹಿಮ ಗುಡ್ಡೆ ಹಾಕಿದ್ದು. ಮೇಲಿನ ಫ್ಲಾಟಿನ ಜೈನಬಾಗೆ ಹೇಳಿದೆ. ಡಿಗ್ರಿ ಮಾಡಿಸಿ ಹುಡುಗಿಯನ್ನು ಮಣ್ಣು ಹೊರಲು ಕಳಿಸಿದಿರಾ ಎಂದು ನಕ್ಕಳು. ಮಣ್ಣಲ್ಲ ಮಾರಾಯ್ತಿ, ಹಿಮ ಎಂದೆ. ಗುಡ್ಡೆ ಯಾರು ಹಾಕಿದರೆಂದು ಸೀಲ್‌ಗೆ ಗೊತ್ತೇ ಆಗುವುದಿಲ್ಲ ಎಂದು ಬರೆದಿದ್ದೆಯಲ್ಲ, ಅದು ನನಗೆ ಬಹಳ ಹಿಡಿಸಿತು.

ಆಮೇಲಿಂದ ಮಧ್ಯಾಹ್ನ ಕಣ್ಣು ಮುಚ್ಚಿದರೆ ಇಲ್ಲೂ ಹಿಮ ಬೀಳುತ್ತದೆ. ಕಡಲ ದಂಡೆ, ನಮ್ಮ ಬಕಾಲಾ ದಿನಸಿ ಅಂಗಡಿ, ಖರ್ಜೂರದ ಮರಗಳು ಎಲ್ಲ ಬೆಳ್ಳಗೆ. ಒಂದು ಹಾರ್ನ್ ಇಲ್ಲ. ನಾನು ನೈಟಿಯ ಮೇಲೆ ಅಪ್ಪನ ಜಾಕೆಟ್ ಹಾಕಿಕೊಂಡು ದೋಸೆ ಸಟ್ಟುಗದಲ್ಲಿ ಹಿಮ ಒಟ್ಟುತ್ತಿರುತ್ತೇನೆ, ಕೈಗೆ ಚಳಿಯೇ ಆಗುವುದಿಲ್ಲ. ನೀರಿನಿಂದ ಒಂದು ಬಸುರಿ ಸೀಲ್ ಮೇಲೆ ಬರುತ್ತದೆ, ಮೈತುಂಬ ಬಳೆ ಬಳೆ ಗುರುತು. ನನ್ನನ್ನು ನೋಡುತ್ತದೆ. ನಾನು ಅದರ ಸಿವಿಲ್ ಐಡಿ ಕೇಳುವುದಿಲ್ಲ, ಅದು ನನ್ನದನ್ನು ಕೇಳುವುದಿಲ್ಲ. ಸುಮ್ಮನೆ ಒಳಗೆ ಹೋಗುತ್ತದೆ. ಗುಡ್ಡೆಗೆ ಕಿವಿಯಿಟ್ಟು ಕೂರುತ್ತೇನೆ. ಒಳಗೆ ಉಸಿರು. ಸ್ವಲ್ಪ ಹೊತ್ತಿಗೆ ಎರಡು ಉಸಿರು. ಎಚ್ಚರವಾದರೆ ಎ.ಸಿ.ಯ ಸದ್ದು, ಆದರೂ ಸಂಜೆಯವರೆಗೆ ಏನೋ ಒಂದು ಸಂತೋಷ ಮೈಯಲ್ಲಿ ಉಳಿದಿರುತ್ತದೆ.

ನಿನಗೆ ಹೇಳದ್ದೊಂದಿದೆ. ನಿನ್ನ ಅಜ್ಜಿ ತೀರಿಕೊಂಡಾಗ ಅಪ್ಪನಿಗೆ ರಜೆ ಸಿಗಲಿಲ್ಲ, ವಿಮಾನ ಸಿಗಲಿಲ್ಲ ಎಂದೆಲ್ಲ ಕತೆ ಹೇಳಿದ್ದೆ. ನನ್ನ ಪಾಸ್‌ಪೋರ್ಟ್ ಇಕಾಮಾ ನವೀಕರಣಕ್ಕೆಂದು ಅಪ್ಪನ ಕಂಪನಿಯಲ್ಲಿತ್ತು. ಕೇಳಿದ್ದರೆ ಕೊಡುತ್ತಿದ್ದರು. ಎಲ್ಲಿ ಸ್ಟ್ಯಾಂಪ್ ತಪ್ಪಿಹೋಗುತ್ತದೋ ಎಂದು ಹೆದರಿ ನಾನೇ ಕೇಳಲಿಲ್ಲ. ಕಾಪುವಿನಲ್ಲಿ ಅಮ್ಮನಿಗೆ ಬೆಂಕಿ ಕೊಡುವ ಹೊತ್ತಿಗೆ ನಾನಿಲ್ಲಿ ಅನ್ನ ಬಸಿಯುತ್ತಿದ್ದೆ. ಇಪ್ಪತ್ತಾರು ವರ್ಷ ಹೀಗೇ ಹೆದರಿಕೊಂಡು ಕಳೆದೆ, ನಿನಗದು ಬೇಡ.

ಬರಬೇಡ ಮಗಾ. ಅಲ್ಲೇ ಇರು. ಹಿಮ ಕರಗಿದಾಗ ಎಷ್ಟು ಮರಿ ಉಳಿದವು ಎಂದು ಎಣಿಸಿ ನನಗೂ ಹೇಳು. ನನಗೇನೂ ಬೇಜಾರಿಲ್ಲ.

ಕಿವಿ ಮುಚ್ಚಿ ಟೋಪಿ ಹಾಕಿಕೋ ಎನ್ನುವ
ನಿನ್ನ ಅಮ್ಮ,
ರತ್ನಾವತಿ

ಮತ್ತೆ: ಅಪ್ಪ ನಿನಗೆ ಹೇಳದೆ ಹದಿನೈದನೇ ತಾರೀಕಿಗೆ ನೀನು ಇಲ್ಲಿಗೆ ಬರುವ ಟಿಕೆಟ್ ಮಾಡಿಸಿದ್ದಾರೆ. ಇವತ್ತು ಸಂಜೆ ಫೋನ್ ಮಾಡಿ ಹೇಳುತ್ತಾರೆ. ಅವರು ಒಮ್ಮೆ ಬಾ ಮಗಾ ಎಂದರೆ ನೀನು ಹೊರಟೇಬಿಡುತ್ತಿ, ಅದಕ್ಕೇ ಈಗಲೇ ಬರೆದೆ. ಉಳಿಯುವುದು ನಿನ್ನದೇ ತೀರ್ಮಾನ ಎನ್ನು, ನನ್ನ ಹೆಸರೆತ್ತಬೇಡ. ಆಮೇಲೆ ಫೋನು ನನ್ನ ಕೈಗೆ ಕೊಡುತ್ತಾರೆ. ನಾನು ಅಳುತ್ತಾ ಬಾ ಎನ್ನುತ್ತೇನೆ. ಅಳು ನಿಜ. ಮಾತು ಕೇಳಬೇಡ.