ಬೇಹುನಂಜು ಮತ್ತು ನನ್ನ ಕಿಡ್ನಿ

ರಬಕವಿ, ಫೆಬ್ರುವರಿ ೩೦, ೨೧೯೬

ರಾಜೇಶ್ವರಿ ಅಜ್ಜಿಗೆ ಶರಣವ್ವನ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲೀಗ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ದಿನಗಳು ಹಬ್ಬಕ್ಕೆ. ನನಗೆ ಎಪ್ಪತ್ತು, ಹಿಂದಿನ ಕಾಲಕ್ಕೆ ಹೋಗುವ ಈ ಕಾಗದ ಕೈ ಸೇರುವಾಗ ನಿಮಗಿನ್ನೂ ಇಪ್ಪತ್ತೊಂಬತ್ತು. ಆದರೂ ನನ್ನ ತವರಿನಲ್ಲಿ ಐದು ತಲೆಮಾರು ಹಿಂದಿನವರಾದ್ದರಿಂದ ನೀವೇ ಅಜ್ಜಿ. ತಿಳಿಯದ ಪದ ಬಂದರೆ ಕ್ಷಮಿಸಿ.

ನನ್ನ ಸೊಸೆ ಕುಶಲಾಗೆ ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು. ಇಂಥದ್ದಕ್ಕೆ ನಾವು ಬೇಹುನಂಜು ಕೊಡಿಸುತ್ತೇವೆ. ಕ್ಯಾನ್ಸರ್ ಕಣದ ಮೈಮೇಲಿನ ಗುರುತು ಹಿಡಿಯುವ ಪ್ರತಿಕಾಯದ ಬೆನ್ನಿಗೆ ಘೋರ ವಿಷ ಕಟ್ಟಿ ರಕ್ತಕ್ಕೆ ಬಿಡುತ್ತಾರೆ. ಅದು ಬೇರೆ ಕಣಗಳ ತಂಟೆಗೆ ಹೋಗದೆ, ಗುರುತಿರುವ ಕಣದೊಳಗೆ ಹೊಕ್ಕು ವಿಷ ಬಿಚ್ಚುತ್ತದೆ. ಕೂದಲು ಉದುರುವುದಿಲ್ಲ, ಊಟ ಸೇರುತ್ತದೆ. ಕೊಡುವ ಮೊದಲು ರೋಗಿಯ ರಕ್ತದಿಂದಲೇ ಚರ್ಮ, ಕಣ್ಣು, ಕಿಡ್ನಿ ಇತ್ಯಾದಿಗಳ ಚೂರುಗಳನ್ನು ಬಟ್ಟಲುಗಳಲ್ಲಿ ಬೆಳೆಸಿ, ನಂಜು ಅವನ್ನು ಕೆಡಿಸುವುದಿಲ್ಲವೆಂದು ಮನೆಯವರ ಎದುರಿಗೇ ತೋರಿಸುತ್ತಾರೆ. ಕುಶಲಾಳ ಒಂಬತ್ತೂ ಬಟ್ಟಲುಗಳು ಚೆನ್ನಾಗಿದ್ದವು.

ಆದರೆ ಅವಳ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ಕಿಡ್ನಿ ಅವಳದಲ್ಲ, ನನ್ನದು. ಹದಿನೆಂಟು ವರ್ಷದ ಹಿಂದೆ ಕೊಟ್ಟಿದ್ದೆ. ಕೊಟ್ಟದ್ದನ್ನು ಆಡಿ ತೋರಿಸಬಾರದೆಂಬುದು ನಮ್ಮ ಮನೆಯ ಪದ್ಧತಿ, ಅದಕ್ಕೇ ನಾನು ಬಾಯಿ ಬಿಡಲಿಲ್ಲ. ಅತ್ತೆಗೆ ಮುಜುಗರವಾದೀತೆಂದು ಅವಳೂ ಬಿಡಲಿಲ್ಲ. ಆಸ್ಪತ್ರೆಯ ಹಳೆಯ ಕಾಗದಗಳೆಲ್ಲ ಕೃಷ್ಣೆಯ ಪ್ರವಾಹದಲ್ಲಿ ಹೋಗಿದ್ದವು.

ಬಟ್ಟಲಿನ ಚೀಟಿಯಲ್ಲಿ ‘ಕಿಡ್ನಿ, ಕುಶಲಾ’ ಎಂದಿತ್ತು. ಅದನ್ನು ಎರಡನೇ ಸಲ ಓದಿದಾಗ ಹೊಳೆಯಿತು: ಅವಳ ರಕ್ತದಿಂದ ಬೆಳೆಸಿದ ಆ ಚೂರು ನನ್ನ ಕಿಡ್ನಿಯದಲ್ಲ. ಡಾಕ್ಟರು ಆಗಲೇ ಸೂಜಿ ಎತ್ತಿದ್ದರು.

“ತಡೀರಿ ಡಾಕ್ಟರೇ, ಆಕಿ ಹೊಟ್ಟ್ಯಾಗಿರೋ ಕಿಡ್ನಿ ನಂದೈತಿ,” ಎಂದೆ.

“ಇಷ್ಟ್ ದಿನಾ ಯಾಕ ಹೇಳಲಿಲ್ಲಬೇ ಯವ್ವಾ?” ಎಂದು ಅವರು ಸೂಜಿ ಕೆಳಗಿಟ್ಟರು.

ನನ್ನ ರಕ್ತದಿಂದ ಹತ್ತನೇ ಬಟ್ಟಲು ಮಾಡಿ ನಂಜು ಹಾಕಿದರು. ಮೂರನೇ ದಿನಕ್ಕೆ ಅದರಲ್ಲಿದ್ದುದೆಲ್ಲ ಸತ್ತಿತ್ತು; ಕ್ಯಾನ್ಸರಿನ ಆ ಗುರುತು ನನ್ನ ಕಿಡ್ನಿಯ ಕಣಗಳ ಮೇಲೂ ಇತ್ತಂತೆ. ಆಮೇಲೆ ಬೇರೆ ಗುರುತು ಹುಡುಕಿ ಬೇರೆ ನಂಜು ಕಟ್ಟಿದರು. ಈಗ ಅವಳ ಶ್ವಾಸಕೋಶ ಚೊಕ್ಕವಾಗಿದೆ, ನನ್ನ ಕಿಡ್ನಿಯೂ ಗಟ್ಟಿಯಾಗಿದೆ. ಇವತ್ತು ಬೆಳಗ್ಗೆ ನನ್ನ ರೊಟ್ಟಿ ದಪ್ಪವಾಯಿತೆಂದು ಮುಖದೆದುರೇ ತಪ್ಪು ಹೇಳಿದಳು. ಎಷ್ಟು ನೆಮ್ಮದಿಯಾಯಿತೆಂದರೆ ಒಲೆಯ ಮುಂದೆಯೇ ಕಣ್ಣೀರು ಬಂತು.

ಅಜ್ಜಿ, ನಿಮಗೂ ಇಪ್ಪತ್ತೊಂಬತ್ತರಲ್ಲಿ ಎದೆಯಲ್ಲೊಂದು ಗಂಟಾಗಿತ್ತೆಂದೂ, ಎಂಟು ತಿಂಗಳು ಯಾರಿಗೂ ಹೇಳದೆ ಇದ್ದಿರೆಂದೂ ನಮ್ಮವ್ವ ಹೇಳುತ್ತಿದ್ದಳು. ಕೊನೆಗೆ ಹೇಳಿದಿರಿ, ಕಷ್ಟಪಟ್ಟು ಗುಣವಾದಿರಿ. ಆಮೇಲೆ ಹುಟ್ಟಿದ ಮಗಳ ಸಂತಾನ ನಾನು. ಆದ್ದರಿಂದ ನೀವು ಹೇಳಿಯೇ ಹೇಳುತ್ತೀರೆಂದು ನನಗೆ ಗೊತ್ತು. ಅಷ್ಟು ತಿಂಗಳು ಒಬ್ಬರೇ ಹೆದರಿಕೊಂಡು ಇರಬೇಡಿ ಎಂದು ಹೇಳುವುದಕ್ಕೇ ಈ ಕಾಗದ. ನಿಮ್ಮ ಗಂಡ ಈಗ ಊಟಕ್ಕೆ ಕೂತಿರಬಹುದು. ಬಡಿಸಿ, ಎದುರಿಗೆ ಕೂತು, ಹೇಳಿಬಿಡಿ.